ಬೀಗರು ಯಹೂದಿಗಳಾದರೆ ಎಲ್ಲಿಂದ ಶುರು ಮಾಡುವುದು?

ಮೈಸೂರಿನ ತಾಯಿಯೊಬ್ಬರು ಬರೆದ ಪತ್ರದಿಂದ ಇದು ಶುರುವಾಯಿತು. ಮಗ ಬಾಸ್ಟನ್ನಿನಲ್ಲಿದ್ದಾನೆ, ಒಪ್ಪಿಕೊಂಡಿರುವ ಹುಡುಗಿ ಯಹೂದಿ. ಮದುವೆಗೆ ಮುಂಚೆ ಇವರು ಗಂಡ ಹೆಂಡತಿ ಇಬ್ಬರೂ ಐದಾರು ತಿಂಗಳು ಅಲ್ಲಿಗೆ ಹೋಗಿ ಇರುತ್ತಾರಂತೆ. “ಬೀಗರ ಮನೆಯಲ್ಲಿ ಕಣ್ಣು ಕಣ್ಣು ಬಿಟ್ಟುಕೊಂಡು ಕೂರಲು ಇಷ್ಟವಿಲ್ಲ. ಸಿನಗಾಗ್ ಎಂಬ ಅವರ ಪ್ರಾರ್ಥನಾಮಂದಿರಕ್ಕೆ ಹೋಗಬೇಕೋ, ತರಗತಿಗೆ ಸೇರಬೇಕೋ, ಹಬ್ಬ ಬರುವ ತನಕ ಕಾಯಬೇಕೋ?” ಎಂದು ಕೇಳಿದ್ದರು. ಅದರ ಹಿಂದೆಯೇ ನ್ಯೂಜೆರ್ಸಿಯ ಎಡಿಸನ್ನಿನ ಯುವ ತಾಯಿಯೊಬ್ಬರ ಪ್ರಶ್ನೆ ಬಂತು: ಮನೆಗೆ ಹತ್ತಿರದ ಯಹೂದಿ ಸಮುದಾಯ ಕೇಂದ್ರದ ಶಿಶುವಿಹಾರಕ್ಕೆ ನಾಲ್ಕು ವರ್ಷದ ಮಗನನ್ನು ಸೇರಿಸಬಹುದೇ? ಮೂರನೆಯವರು ಬೆಂಗಳೂರಿನ ನಿವೃತ್ತ ಎಂಜಿನಿಯರ್. ಅವರಿಗೆ ಬೀಗರೂ ಇಲ್ಲ, ಅಮೆರಿಕಕ್ಕೆ ಹೋಗುವ ಯೋಚನೆಯೂ ಇಲ್ಲ, ಬರೀ ಕುತೂಹಲ. ನನಗೆ ಇವರ ಮೇಲೆಯೇ ಹೆಚ್ಚು ಅಕ್ಕರೆ.

ಇಪ್ಪತ್ತು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಅಣ್ಣನ ಮಗಳನ್ನು ಯಹೂದಿ ಮನೆಗೆ ಕೊಟ್ಟಿದ್ದೇವೆ. ಈ ಎರಡು ಕಾರಣಕ್ಕೆ ಇಂಥ ಪ್ರಶ್ನೆಗಳು ನನ್ನ ಬಳಿ ಬರುತ್ತವೆ. ನಾನು ಪಂಡಿತ ಅಲ್ಲ, ನೆರೆಹೊರೆಯ ಅತಿಥಿ ಮಾತ್ರ. ಹೋಗಿ ಬಂದ ಜಾಗಗಳ ಬಗ್ಗೆ ಅತಿಥಿಯ ಕಣ್ಣಿನಿಂದ ಹೇಳಬಲ್ಲೆ.

ಮೊದಲು ಅಳತೆಗೋಲು

ನಾನು ನೋಡುವುದು ಐದು ಸಂಗತಿ. ಯಹೂದಿಯಲ್ಲದವರಿಗೆ ಬಾಗಿಲು ಎಷ್ಟು ತೆರೆದಿದೆ ಎಂಬುದು ಮೊದಲನೆಯದು. ಹಣ ಮತ್ತು ಹೊತ್ತು ಎರಡನೆಯದು. ವೀಸಾದ ಮೇಲೆ ಬಂದ, ಕಾರು ಓಡಿಸದ ಅಪ್ಪ ಅಮ್ಮನನ್ನು ಶುಕ್ರವಾರ ಸಂಜೆ ಹತ್ತು ಮೈಲಿ ಆಚೆಗೆ ಯಾರು ಬಿಟ್ಟು ಬರುತ್ತಾರೆ ಎಂಬ ಲೆಕ್ಕವೂ ಇದರಲ್ಲೇ ಸೇರುತ್ತದೆ. ಮೂರನೆಯದು ಊಟ. ನಾಲ್ಕನೆಯದು, ಅದು ಒಂದೇ ಸಲದ ಸಡಗರವೋ, ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುವ ಅವಕಾಶವೋ ಎಂಬುದು. ಐದನೆಯದಕ್ಕೆ ನಾನು ಉಳಿದ ನಾಲ್ಕಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ: ಅಲ್ಲಿ ಪ್ರಶ್ನೆ ಕೇಳಲು ಜಾಗ ಇದೆಯೇ? ಯಹೂದಿ ಕಲಿಕೆ ನಿಂತಿರುವುದೇ ಪ್ರಶ್ನೆಯ ಮೇಲೆ. ಬಾಯಿ ಮುಚ್ಚಿಕೊಂಡು ನೋಡಿ ಬಂದರೆ ಅರ್ಧ ಮಾತ್ರ ನೋಡಿದ ಹಾಗೆ.

ನಮ್ಮವರು ಬಾಯಿ ಬಿಟ್ಟು ಕೇಳದ ಆರನೆಯ ಪ್ರಶ್ನೆಯೊಂದಿದೆ. ಮತಾಂತರಕ್ಕೆ ಎಳೆಯುತ್ತಾರೆಯೇ? ಇಲ್ಲ. ಯಹೂದಿಗಳು ಮತ ಪ್ರಚಾರ ಮಾಡುವುದಿಲ್ಲ. ತಾನಾಗಿಯೇ ಸೇರಲು ಬಂದವನನ್ನು ಮೂರು ಸಲ ವಾಪಸ್ಸು ಕಳಿಸಬೇಕು ಎಂಬ ಹಳೆಯ ವಾಡಿಕೆಯೇ ಅವರಲ್ಲಿದೆ. ಈ ಒಂದು ಚಿಂತೆಯನ್ನು ಮನೆಯಲ್ಲೇ ಬಿಟ್ಟು ಹೊರಡಬಹುದು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದು ಅನುಕೂಲ, ಒಂದು ಎಚ್ಚರಿಕೆ. ಕೋಷರ್ ಎಂಬ ಅವರ ಆಹಾರ ನಿಯಮದಲ್ಲಿ ಮಾಂಸ ಮತ್ತು ಹಾಲು ಒಟ್ಟಿಗೆ ಸೇರುವಂತಿಲ್ಲ. ಆದ್ದರಿಂದ ‘ಡೇರಿ’ ಎಂದು ಹೇಳಿದ ಊಟದಲ್ಲಿ ಮಾಂಸ ಇರುವುದಿಲ್ಲ. ಆದರೆ ಮೀನು ಮತ್ತು ಮೊಟ್ಟೆಯನ್ನು ಅವರು ಮಾಂಸವೆಂದು ಎಣಿಸುವುದಿಲ್ಲ, ಅವು ‘ಪಾರ್ವೆ’, ಅಂದರೆ ಎರಡೂ ಕಡೆ ಸಲ್ಲುವಂಥವು. ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನ ಜಡೆ ಹೆಣೆದಂತಿರುವ ಖಲ್ಲಾ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಮೊಟ್ಟೆಯನ್ನೂ ಮುಟ್ಟದವರು ಕೇಳಿಯೇ ತಿನ್ನಬೇಕು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಹಾರದ ಬಗ್ಗೆ ನೂರೆಂಟು ನಿಯಮ ಇಟ್ಟುಕೊಂಡವರಿಗೆ ಇನ್ನೊಬ್ಬರ ನಿಯಮ ಬೇಗ ಅರ್ಥವಾಗುತ್ತದೆ.

ಶುಕ್ರವಾರ ಸಂಜೆಯ ಪ್ರಾರ್ಥನೆ

ಹೆಚ್ಚಿನವರು ಮೊದಲು ಯೋಚಿಸುವುದು ಇದನ್ನೇ, ಮೊದಲ ಹೆಜ್ಜೆಗೆ ಇದು ತಪ್ಪೇನಲ್ಲ. ಶಬ್ಬಾತ್ ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ನಕ್ಷತ್ರ ಕಾಣುವ ಹೊತ್ತಿಗೆ ಮುಗಿಯುತ್ತದೆ. ಯಾವ ಪಂಥದ ಸಿನಗಾಗ್ ಎಂಬುದರ ಮೇಲೆ ನಿಮ್ಮ ಅನುಭವ ನಿಂತಿದೆ. ರಿಫಾರ್ಮ್ ಪಂಥದಲ್ಲಿ ಶುಕ್ರವಾರದ ಪ್ರಾರ್ಥನೆ ಸುಮಾರು ಒಂದು ಗಂಟೆ, ಇಂಗ್ಲಿಷ್ ಹೆಚ್ಚು, ಹಲವೆಡೆ ಗಿಟಾರ್ ಕೂಡ ಇರುತ್ತದೆ, ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಾರೆ. ಕನ್ಸರ್ವೇಟಿವ್ ಪಂಥದಲ್ಲಿ ಹೀಬ್ರೂ ಜಾಸ್ತಿ, ಶನಿವಾರ ಬೆಳಗಿನ ಪ್ರಾರ್ಥನೆಯೇ ಮುಖ್ಯ, ಅದು ಎರಡೂವರೆ ಮೂರು ಗಂಟೆ ಎಳೆಯುತ್ತದೆ. ಆರ್ಥೊಡಾಕ್ಸ್ ಸಿನಗಾಗಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ‘ಮೆಖಿತ್ಸಾ’ ಎಂಬ ತಡೆ ಇರುತ್ತದೆ, ಪ್ರಾರ್ಥನೆ ಪೂರ್ತಿ ಹೀಬ್ರೂ. ಯಾವ ಕಡೆ ಹೋಗಬೇಕು ಎಂದರೆ ಬೀಗರು ಯಾವ ಕಡೆಯವರೋ ಆ ಕಡೆ. ಅದು ಗೊತ್ತಿಲ್ಲದಿದ್ದರೆ ರಿಫಾರ್ಮ್ ಸುಲಭ.

ಖರ್ಚು ಸೊನ್ನೆ. ನಮ್ಮವರು ಅಭ್ಯಾಸಬಲದಿಂದ ಮಂಗಳಾರತಿ ತಟ್ಟೆಗೆಂದು ಐದು ಡಾಲರ್ ಕೈಯಲ್ಲಿ ಹಿಡಿದಿರುತ್ತಾರೆ. ತಟ್ಟೆ ಬರುವುದಿಲ್ಲ. ಸಂಪ್ರದಾಯದ ಪ್ರಕಾರ ಶಬ್ಬಾತ್‌ನಲ್ಲಿ ಹಣವನ್ನು ಮುಟ್ಟುವುದೇ ಇಲ್ಲ. ಸಿನಗಾಗ್ ನಡೆಯುವುದು ಸದಸ್ಯರ ವಾರ್ಷಿಕ ಶುಲ್ಕದಿಂದ ಮತ್ತು ದೇಣಿಗೆಯಿಂದ. ಮೊಬೈಲ್ ಆರಿಸಿಡಿ. ಆರ್ಥೊಡಾಕ್ಸ್ ಕಡೆ ಫೋನು ಮುಟ್ಟುವುದು, ಬರೆಯುವುದು, ಫೋಟೊ ತೆಗೆಯುವುದು ಯಾವುದೂ ಸಲ್ಲದು. ಬಾಗಿಲ ಬಳಿ ಬುಟ್ಟಿಯಲ್ಲಿ ಕಿಪ್ಪಾ ಟೋಪಿಗಳಿರುತ್ತವೆ. ಗಂಡಸರು ಒಂದನ್ನು ತಲೆಗೆ ಹಾಕಿಕೊಳ್ಳುವುದು ಮರ್ಯಾದೆ. ಸೀರೆ ಉಟ್ಟು ಹೋದರೆ ಯಾವ ತಕರಾರೂ ಇಲ್ಲ. ಆರ್ಥೊಡಾಕ್ಸ್ ಜನರಲ್ಲಿ ಹಲವರು ಪರಸ್ತ್ರೀ ಪರಪುರುಷರ ಕೈ ಕುಲುಕುವುದಿಲ್ಲ. ಕೈ ಚಾಚಿ ಮುಜುಗರ ಪಡುವುದಕ್ಕಿಂತ ಕೈ ಜೋಡಿಸುವ ನಮ್ಮ ನಮಸ್ಕಾರವೇ ಅಲ್ಲಿ ಒಳ್ಳೆಯದು.

ಬರಿಗೈಯಲ್ಲಿ ಹೋಗಬಾರದು ಎಂಬ ನಮ್ಮ ಸಂಸ್ಕಾರ ನನಗೆ ಒಮ್ಮೆ ಪೇಚು ತಂದಿದೆ. ಮೊದಲ ಸಲ ಹೋದಾಗ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಬಿಸಿಬೇಳೆಬಾತ್ ಒಯ್ದಿದ್ದೆ. ಬಾಗಿಲಲ್ಲಿದ್ದ ಹೆಂಗಸು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ವಾಸನೆ ನೋಡಿ, ತುಂಬ ಸಂಕಟದಿಂದ “ಇದನ್ನು ಅಡುಗೆಮನೆಯೊಳಗೆ ಒಯ್ಯುವ ಹಾಗಿಲ್ಲ” ಎಂದರು. ಅವರ ಅಡುಗೆಮನೆ ಕೋಷರ್, ನಮ್ಮದಲ್ಲ. ಅಕ್ಕಿ ಬೇಳೆಯಲ್ಲಿ ದೋಷವಿಲ್ಲದಿದ್ದರೂ ಪಾತ್ರೆ ನಮ್ಮದು. ಡಬ್ಬಿ ಕಾರಿನಲ್ಲೇ ಉಳಿಯಿತು, ಇಂಗಿನ ಘಮ ಒಂದು ವಾರ ಹೋಗಲಿಲ್ಲ. ನಮ್ಮ ಅಜ್ಜಿಯ ಮಡಿ ಅಡುಗೆಮನೆಯನ್ನು ನೆನೆದುಕೊಂಡರೆ ಆ ಹೆಂಗಸಿನ ಮೇಲೆ ಸಿಟ್ಟು ಬರುವುದು ಹೇಗೆ? ಹೂವು ಒಯ್ಯಿರಿ, ಅದನ್ನೂ ಶುಕ್ರವಾರ ಕತ್ತಲಾಗುವ ಮುಂಚೆ.

ಈ ಆಯ್ಕೆಯ ಕೊರತೆ ಒಂದೇ, ಆದರೆ ದೊಡ್ಡದು. ಪ್ರಾರ್ಥನೆಯ ನಡುವೆ ಏನನ್ನೂ ಕೇಳಲಾಗುವುದಿಲ್ಲ. ಪುಸ್ತಕ ಬಲದಿಂದ ಎಡಕ್ಕೆ ತಿರುಗುತ್ತದೆ, ಎಲ್ಲರೂ ಎದ್ದಾಗ ಏಳುತ್ತೀರಿ, ಕೂತಾಗ ಕೂರುತ್ತೀರಿ. ಮುಗಿದ ಮೇಲೆ ಕಾಫಿ, ಕೇಕು ಇಟ್ಟುಕೊಂಡು ನಿಲ್ಲುವ ‘ಓನೆಗ್’ ಎಂಬ ಅರ್ಧ ಗಂಟೆಯೇ ನಿಜವಾದ ಪಾಠ. ಕಾರು ಬಂತೆಂದು ಅದನ್ನು ಬಿಟ್ಟು ಓಡಿದರೆ ಹೋಗಿದ್ದು ದಂಡ.

ಹಬ್ಬಗಳು: ಒಂದೊಂದರ ಲೆಕ್ಕ ಒಂದೊಂದು

ಅವರ ಪಂಚಾಂಗವೂ ನಮ್ಮದರಂತೆ ಚಂದ್ರನನ್ನೂ ಸೂರ್ಯನನ್ನೂ ಹೊಂದಿಸುವಂಥದ್ದು. 19 ವರ್ಷಕ್ಕೆ ಏಳು ಅಧಿಕ ಮಾಸ. ಹಬ್ಬದ ದಿನ ಪ್ರತಿ ವರ್ಷ ಹಿಂದೆ ಮುಂದೆ ಆಗುವುದು ನಮಗೆ ಹೊಸತಲ್ಲ.

ಸೆಪ್ಟೆಂಬರ್, ಅಕ್ಟೋಬರಿನ ರೋಶ್ ಹಶಾನಾ (ಅವರ ಹೊಸ ವರ್ಷ) ಮತ್ತು ಯೋಮ್ ಕಿಪ್ಪುರ್ (ಪ್ರಾಯಶ್ಚಿತ್ತದ ಉಪವಾಸ) ದಿನ ಮೊದಲ ಸಲ ಹೋಗಬೇಡಿ. ವೈಕುಂಠ ಏಕಾದಶಿಯ ದಿನ ಮೊದಲ ಬಾರಿಗೆ ದೇವಸ್ಥಾನ ನೋಡಲು ಹೋದ ಹಾಗಾಗುತ್ತದೆ. ಜನಸಂದಣಿ, ಉದ್ದದ ಪ್ರಾರ್ಥನೆ, ಹಲವು ಸಿನಗಾಗ್‌ಗಳಲ್ಲಿ ಸದಸ್ಯರಲ್ಲದವರಿಗೆ ದುಬಾರಿ ಟಿಕೆಟ್ಟು, ಯಾರಿಗೂ ನಿಮ್ಮೊಡನೆ ಮಾತಾಡಲು ಪುರುಸೊತ್ತಿಲ್ಲ.

ಅದೇ ಋತುವಿನ ಸುಕ್ಕೋತ್ ಹಾಗಲ್ಲ. ಅಂಗಳದಲ್ಲಿ ಚಪ್ಪರ ಹಾಕಿ, ನಕ್ಷತ್ರ ಕಾಣುವಷ್ಟು ತೆಳುವಾಗಿ ಸೊಪ್ಪು ಹೊದಿಸಿ, ಒಳಗೆ ಕೂತು ಉಣ್ಣುವ ಹಬ್ಬ. ನೆರೆಯವರನ್ನು ಕರೆಯುವುದೇ ಅದರ ರೂಢಿ. ಅಲ್ಲಿ ಖರ್ಜೂರದ ಗರಿಯ ಜೊತೆ ಕೈಯಲ್ಲಿ ಹಿಡಿಯುವ ‘ಎತ್ರೋಗ್’ ಹಣ್ಣನ್ನು ನೋಡಿ ನನ್ನ ಅತ್ತೆಯವರು “ಇದು ಮಾದಲ ಹಣ್ಣಲ್ಲವೇ!” ಎಂದು ಕೂಗಿಬಿಟ್ಟರು. ಹೌದು, ಅದೇ ಜಾತಿಯದು, ಕೊಲ್ಹಾಪುರದ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದಿರುವ ಮಾತುಲುಂಗ. ಆ ಸಂಜೆ ಅತ್ತೆಯವರಿಗೆ ಅನುವಾದಕರು ಬೇಕಾಗಲಿಲ್ಲ, ಹಣ್ಣೇ ಮಾತಾಡಿತು.

ಡಿಸೆಂಬರಿನ ಹೊತ್ತಿಗೆ ಬರುವ ಹನುಕ್ಕಾದಲ್ಲಿ ಊರ ಚೌಕಗಳಲ್ಲಿ ದೊಡ್ಡ ದೀಪಸ್ತಂಭ ಹಚ್ಚುತ್ತಾರೆ. ಉಚಿತ, ಹೊರಾಂಗಣ, ಮಕ್ಕಳಿಗೆ ಖುಷಿ. ಕಲಿಯುವುದು ಕಡಿಮೆ. ಪುರಿಮ್ ಮಕ್ಕಳಿಗೆ ಇನ್ನೂ ಒಳ್ಳೆಯದು. ಬೈಬಲಿನ ರಾಣಿ ಎಸ್ತೇರಳ ಕತೆಯನ್ನು ಓದುವಾಗ ಖಳನಾಯಕ ಹಾಮಾನನ ಹೆಸರು ಬಂದಾಗಲೆಲ್ಲ ಗಿಲಕಿ ಆಡಿಸಿ, ನೆಲ ಒದ್ದು ಆ ಹೆಸರು ಕೇಳದಂತೆ ಮಾಡುತ್ತಾರೆ. ಸಿನಗಾಗಿನಲ್ಲಿ ಗದ್ದಲ ಮಾಡಿದರೆ ಬೈಸಿಕೊಳ್ಳದ ದಿನ ಅದು. ಅದೇ ಕತೆಯ ಮೊದಲ ವಾಕ್ಯದಲ್ಲಿ ಪರ್ಷಿಯಾದ ಅರಸನ ರಾಜ್ಯ ‘ಹೋದು’ವಿನಿಂದ ಕೂಷಿನ (ಇಥಿಯೋಪಿಯದ ಕಡೆಯ ನಾಡು) ತನಕ, 127 ಸಂಸ್ಥಾನ ಎಂದಿದೆ. ಹೋದು ಎಂದರೆ ಹೀಬ್ರೂವಿನಲ್ಲಿ ಭಾರತ. ಬೀಗರ ಮನೆಯಲ್ಲಿ ಮಾತಿಗೆ ಎಳೆ ಬೇಕಾದರೆ ಇದನ್ನು ಇಟ್ಟುಕೊಳ್ಳಿ.

ವಸಂತದ ಪೆಸಾಖ್ (ಕನ್ನಡ ಬೈಬಲಿನ ಪಸ್ಕ) ಹಬ್ಬದ ರಾತ್ರಿಯ ಊಟ ‘ಸೇದರ್’ ಬೇರೆಯೇ ತೂಕದ್ದು. ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾದ ಕತೆಯನ್ನು ಊಟದ ಮೇಜಿನ ಮುಂದೆ ಓದುತ್ತಾರೆ. ಓದು ಶುರುವಾಗುವುದೇ ಮನೆಯ ಅತಿ ಚಿಕ್ಕ ಮಗು “ಈ ರಾತ್ರಿ ಉಳಿದ ರಾತ್ರಿಗಳಂತೆ ಯಾಕಿಲ್ಲ?” ಎಂದು ಕೇಳುವುದರಿಂದ. ಪ್ರಶ್ನೆಯೇ ಇಲ್ಲಿ ವಿಧಿ. ಕಹಿಗೆ ಮೂಲಂಗಿಯಂತೆ ಮೂಗಿಗೇರುವ ಹಾರ್ಸ್‌ರ‍್ಯಾಡಿಶ್, ಕಣ್ಣೀರಿನ ನೆನಪಿಗೆ ಉಪ್ಪುನೀರು, ಇಟ್ಟಿಗೆಯ ಗಾರೆಯ ನೆನಪಿಗೆ ಸೇಬು, ಅಕ್ರೋಟು, ದಾಲ್ಚಿನ್ನಿ ಕಲಸಿದ ಸಿಹಿ. ಬೇವುಬೆಲ್ಲ ತಿಂದು ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಇಸ್ರೇಲಿನ ಹೊರಗೆ ಸೇದರ್ ಎರಡು ರಾತ್ರಿ ನಡೆಯುತ್ತದೆ. ಮೊದಲ ರಾತ್ರಿ ಮನೆಗಳಲ್ಲಿ, ಎರಡನೆಯ ರಾತ್ರಿ ಸಿನಗಾಗ್ ಅಥವಾ ಸಮುದಾಯ ಕೇಂದ್ರದಲ್ಲಿ ಸಾಮೂಹಿಕವಾಗಿ ಮಾಡುವುದು ಹಲವೆಡೆ ರೂಢಿ. ಸಾಮೂಹಿಕ ಸೇದರಿಗೆ ತಲೆಗೆ ಇಷ್ಟೆಂದು ಹಣ ಕೊಡಬೇಕು, ವಾರಗಳ ಮುಂಚೆ ಹೆಸರು ಬರೆಸಬೇಕು, ಸಸ್ಯಾಹಾರವೆಂದು ಆಗಲೇ ಹೇಳಬೇಕು. ಮೂರು ನಾಲ್ಕು ಗಂಟೆ ಆದರೂ ಊಟ ಬರುವುದು ನಡುವೆ, ಆದ್ದರಿಂದ ಸಂಜೆ ಮನೆಯಲ್ಲಿ ಏನಾದರೂ ತಿಂದು ಹೋಗಿ. ಆ ಎಂಟು ದಿನ ಹುಳಿ ಬರಿಸಿದ ಹಿಟ್ಟಿನ ಯಾವ ಪದಾರ್ಥವನ್ನೂ ಅವರು ಮುಟ್ಟುವುದಿಲ್ಲ. ಯುರೋಪ್ ಮೂಲದ ಅಶ್ಕೆನಾಜಿ ಮನೆಗಳಲ್ಲಿ ಅಕ್ಕಿ ಬೇಳೆಯನ್ನೂ ಬಿಡುವ ಪದ್ಧತಿಯಿದೆ. ಬೀಗರ ಮನೆಯ ಸೇದರಿಗೆ ಮೈಸೂರುಪಾಕು ಒಯ್ಯುವ ಆಸೆಯನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ, ಅದರಲ್ಲಿರುವುದು ಕಡಲೆಹಿಟ್ಟು.

ಹಬ್ಬಗಳಲ್ಲಿ ನನ್ನ ಆಯ್ಕೆ ಮಾತ್ರ ಸೇದರ್ ಕೂಡ ಅಲ್ಲ, ಶಾವುಓತ್. ಪೆಸಾಖ್ ಆಗಿ ಏಳು ವಾರಕ್ಕೆ, ಮೇ ಜೂನಿನಲ್ಲಿ ಬರುತ್ತದೆ. ತೋರಾ, ಅಂದರೆ ಮೋಶೆಯ ಐದು ಗ್ರಂಥಗಳು, ದೊರೆತ ದಿನದ ನೆನಪಿಗೆ ರಾತ್ರಿಯಿಡೀ ಎದ್ದಿದ್ದು ಓದುವ ಸಂಪ್ರದಾಯ, ಥೇಟ್ ಶಿವರಾತ್ರಿಯ ಜಾಗರಣೆ. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು ಮುಕ್ಕಾಲು ಗಂಟೆ ಪಾಠ ಮಾಡುತ್ತಾರೆ, ಹಿಡಿಸದಿದ್ದರೆ ಎದ್ದು ಪಕ್ಕದ ಕೋಣೆಗೆ ಹೋಗಬಹುದು. ಹೆಚ್ಚಿನ ಕಡೆ ಉಚಿತ. ಆ ಹಬ್ಬಕ್ಕೆ ಹಾಲಿನ ಪದಾರ್ಥ ತಿನ್ನುವ ವಾಡಿಕೆ ಇರುವುದರಿಂದ ಚೀಸ್‌ಕೇಕ್ ರಾಶಿ ಬಿದ್ದಿರುತ್ತದೆ. ನ್ಯೂಯಾರ್ಕಿನ ಮ್ಯಾನ್‌ಹಾಟನ್ ಸಮುದಾಯ ಕೇಂದ್ರದಲ್ಲಿ ಬೆಳಗಿನ ತನಕ ನಡೆಯುವ ಇಂಥ ರಾತ್ರಿಗೆ ದೊಡ್ಡ ಹೆಸರಿದೆ. ಬಾಗಿಲು, ಹಣ, ಊಟ, ಪ್ರಶ್ನೆ, ನಾಲ್ಕರಲ್ಲೂ ಇದು ಗೆಲ್ಲುತ್ತದೆ. ಸೋಲುವುದು ಒಂದರಲ್ಲಿ: ವರ್ಷಕ್ಕೆ ಒಮ್ಮೆ ಮಾತ್ರ. ನಿದ್ದೆಗೆಡಲಾರದ ಹಿರಿಯರು ಹತ್ತು ಗಂಟೆಗೇ ವಾಪಸ್ಸು ಬಂದರೂ ನಷ್ಟವಿಲ್ಲ.

ಶನಿವಾರ ಬೆಳಗಿನ ಓದು

ಪ್ರಚಾರವಿಲ್ಲದ, ಫಲಕವಿಲ್ಲದ ಆಯ್ಕೆ ಇದು. ಹಲವು ರಿಫಾರ್ಮ್ ಸಿನಗಾಗ್‌ಗಳಲ್ಲಿ ಶನಿವಾರ ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂದು ಗಂಟೆ ‘ತೋರಾ ಸ್ಟಡಿ’ ನಡೆಯುತ್ತದೆ. ತೋರಾವನ್ನು 54 ಭಾಗ ಮಾಡಿ ವರ್ಷದಲ್ಲಿ ಒಂದು ಸುತ್ತು ಓದಿ ಮುಗಿಸುತ್ತಾರೆ. ಆ ವಾರದ ಭಾಗವನ್ನು ಮೇಜಿನ ಸುತ್ತ ಕೂತು ಬಿಡಿಸುತ್ತಾರೆ. ನಮ್ಮ ಗಮಕ ವಾಚನದಲ್ಲಿ ಒಬ್ಬರು ಓದಿ ಇನ್ನೊಬ್ಬರು ವ್ಯಾಖ್ಯಾನ ಮಾಡಿದರೆ ಸಭೆ ತಲೆದೂಗುತ್ತದೆ. ಇಲ್ಲಿ ಸಭೆಯೇ ಜಗಳಕ್ಕೆ ಬೀಳುತ್ತದೆ.

ನಾನು ಹೋದ ಒಂದು ಬೆಳಗ್ಗೆ ಆದಿಕಾಂಡದ 18ನೆಯ ಅಧ್ಯಾಯ ಇತ್ತು. ಬಿಸಿಲು ಏರಿದ ಹೊತ್ತಿನಲ್ಲಿ ಅಬ್ರಹಾಮನ ಗುಡಾರದ ಮುಂದೆ ಮೂವರು ಅಪರಿಚಿತರು ನಿಂತಿರುತ್ತಾರೆ. ಮುದುಕ ಓಡಿ ಹೋಗಿ ಕಾಲಿಗೆ ನೀರು ಕೊಟ್ಟು, ಹೆಂಡತಿಗೆ ರೊಟ್ಟಿ ಮಾಡಲು ಹೇಳಿ, ಮೊಸರು, ಹಾಲು, ಎಳೆಗರುವಿನ ಮಾಂಸ ತಂದು ಬಡಿಸುತ್ತಾನೆ. ಹನ್ನೆರಡು ಜನರಿದ್ದೆವು, ಹೆಚ್ಚಿನವರು ಎಪ್ಪತ್ತು ದಾಟಿದವರು. ನಿವೃತ್ತ ದಂತವೈದ್ಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, “ಹಾಲು ಮತ್ತು ಮಾಂಸ ಒಂದೇ ಪಂಕ್ತಿಗೆ! ನಮ್ಮ ಮೂಲಪುರುಷನೇ ಕೋಷರ್ ತಪ್ಪಿದನೇ?” ಎಂದರು. ಆಗ ಇನ್ನೂ ನಿಯಮ ಬಂದಿರಲಿಲ್ಲ ಎಂದರು ಒಬ್ಬರು. ಮೊದಲು ಹಾಲು ಕೊಟ್ಟು ಆಮೇಲೆ ಮಾಂಸ ಕೊಟ್ಟಿರಬೇಕು ಎಂದರು ಇನ್ನೊಬ್ಬರು. ಶತಮಾನಗಳ ಹಿಂದಿನ ವ್ಯಾಖ್ಯಾನಕಾರರೂ ಇದಕ್ಕೇ ಜಗಳಾಡಿದ್ದಾರೆ ಎಂದು ರಬ್ಬಿ, ಅಂದರೆ ಅಲ್ಲಿನ ಧರ್ಮಗುರು, ನಗುತ್ತಾ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ “ನಿಮ್ಮಲ್ಲಿ ಅತಿಥಿ ಬಂದರೆ ಮೊದಲು ಏನು ಕೊಡುತ್ತೀರಿ?” ಎಂದು ಕೇಳಿದರು. ನೀರು ಬೆಲ್ಲ ಎಂದೆ. ಮುಂದಿನ ಹತ್ತು ನಿಮಿಷ ಚರ್ಚೆ ಬೆಲ್ಲದ ಮೇಲೆ ನಡೆಯಿತು.

ಹಣ ಬೇಡ, ಹೀಬ್ರೂ ಬರಬೇಕಿಲ್ಲ, ಪ್ರತಿ ವಾರ ಅದೇ ಹನ್ನೆರಡು ಮುಖ. ಬೀಗಲ್ ಬ್ರೆಡ್ಡು, ಕಾಫಿಯೂ ಸಿಗಬಹುದು. ಬೇಕಾಗಿರುವುದು ಸುಮಾರಾದ ಇಂಗ್ಲಿಷ್ ಮತ್ತು ಶನಿವಾರ ಬೆಳಿಗ್ಗೆ ಬೇಗ ಏಳುವ ಮನಸ್ಸು. ಇಂಗ್ಲಿಷ್ ಸರಾಗವಲ್ಲದ ತಂದೆ ತಾಯಿಗೆ ಮಾತ್ರ ಇದು ಭಾರ. ಅಂಥವರು ಸುಕ್ಕೋತ್ ಚಪ್ಪರದ ಕಡೆ ಹೋಗುವುದು ವಾಸಿ.

ಹಣ ಕೊಟ್ಟು ಕಲಿಯುವ ತರಗತಿಗಳು

ಮೂರು ಬಗೆ ಇವೆ. ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಪಂಥಗಳು ನಡೆಸುವ ಯಹೂದಿ ಧರ್ಮ ಪರಿಚಯದ ತರಗತಿ ಸುಮಾರು ಹದಿನೆಂಟು ಇಪ್ಪತ್ತು ವಾರದ್ದು. ಮತಾಂತರ ಬಯಸಿದವರು, ಯಹೂದಿಯನ್ನು ಮದುವೆಯಾಗುವವರು, ಬರೀ ಕುತೂಹಲಿಗಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಹಬ್ಬ, ಮದುವೆ, ಸಾವು, ಅಡುಗೆ, ಪ್ರಾರ್ಥನೆ ಎಲ್ಲವೂ ಕ್ರಮವಾಗಿ ಬರುತ್ತವೆ. ಇದು ಬೀಗರಿಗಿಂತ ಮದುವೆಯಾಗುವ ಹುಡುಗ ಹುಡುಗಿಯರಿಗೆ ತಕ್ಕದ್ದು. ಮೈಸೂರಿನ ತಾಯಿಗೆ ನನ್ನ ಮಾತು: ನೀವಲ್ಲ, ಮಗ ಸೇರಲಿ, ನೀವು ಅವನ ಪುಸ್ತಕ ಓದಿ.

ಖಬಾದ್ ಎಂಬ ಸಂಪ್ರದಾಯನಿಷ್ಠ ಸಂಸ್ಥೆಯ ಅಂಗವಾದ ಜೂಯಿಶ್ ಲರ್ನಿಂಗ್ ಇನ್‌ಸ್ಟಿಟ್ಯೂಟ್ (ಜೆಎಲ್ಐ) ವರ್ಷಕ್ಕೆ ಮೂರು ಸಲ ಸಣ್ಣ ಕೋರ್ಸ್ ನಡೆಸುತ್ತದೆ, ಹೆಚ್ಚಾಗಿ ಆರು ವಾರ, ವಾರಕ್ಕೆ ಒಂದೂವರೆ ಗಂಟೆ. ಒಂದೊಂದು ಸಲ ಒಂದೊಂದು ವಿಷಯ. ಪಠ್ಯ ಅಚ್ಚುಕಟ್ಟು, ಖರ್ಚು ಮಿತ, ಐದಾರು ತಿಂಗಳಿಗೆ ಬಂದವರಿಗೆ ಸಮಯ ಹೊಂದುತ್ತದೆ. ಆದರೆ ಅಲ್ಲಿ ಕೇಳುವುದು ಸಂಪ್ರದಾಯನಿಷ್ಠರ ದೃಷ್ಟಿ. ಬೀಗರು ರಿಫಾರ್ಮ್ ಆಗಿದ್ದರೆ ಅವರ ಮುಂದೆ ಅದನ್ನೇ ಒಪ್ಪಿಸಿದಾಗ ಅವರು ಹುಬ್ಬು ಏರಿಸಬಹುದು. ಖಬಾದ್ ಮನೆಗಳ ಶುಕ್ರವಾರದ ಊಟವೂ ಪ್ರಸಿದ್ಧ. ಅದು ಮುಖ್ಯವಾಗಿ ಯಹೂದಿಗಳಿಗಾಗಿ ಇಟ್ಟಿರುವುದು, ಗೆಳೆಯರ ಜೊತೆ, ಮೊದಲೇ ತಿಳಿಸಿ ಹೋಗುವುದು ಸರಿ.

ಮೂರನೆಯದು ಮೆಲ್ಟನ್ ಶಾಲೆ. ಓಹಾಯೊದ ಫ್ಲಾರೆನ್ಸ್ ಮೆಲ್ಟನ್ ಎಂಬಾಕೆ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಜೊತೆ ಸೇರಿ 1986ರಲ್ಲಿ ಶುರು ಮಾಡಿದ ವಯಸ್ಕರ ಶಿಕ್ಷಣ. ಆಕೆ ರಬ್ಬಿಯೂ ಅಲ್ಲ, ಪ್ರಾಧ್ಯಾಪಕಿಯೂ ಅಲ್ಲ, ಮೆತ್ತನೆಯ ಫೋಮ್ ಚಪ್ಪಲಿಯ ಉದ್ಯಮ ಕಟ್ಟಿದಾಕೆ. ಪರೀಕ್ಷೆ ಇಲ್ಲ, ಮನೆಪಾಠ ಇಲ್ಲ, ಯಾವ ಪಂಥಕ್ಕೂ ಸೇರದ ಪಾಠ. ಪೂರ್ತಿ ಕೋರ್ಸ್ ಎರಡು ವರ್ಷದ್ದಾದ್ದರಿಂದ ಇಲ್ಲೇ ನೆಲೆಸಿದವರಿಗೆ ಮಾತ್ರ. ಮೂರರಲ್ಲಿ ದುಬಾರಿ ಅದೇ, ಗಟ್ಟಿಯಾದದ್ದೂ ಅದೇ.

ತರಗತಿಗೆ ಹೆದರುವವರಿಗೆ ಲಿಮ್ಮುಡ್ ಎಂಬ ಜಾತ್ರೆಯಿದೆ. 1980ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ ಹಲವು ದೇಶಗಳಿಗೆ ಹಬ್ಬಿದೆ, ಸ್ವಯಂಸೇವಕರೇ ನಡೆಸುತ್ತಾರೆ. ಎದೆಯ ಮೇಲಿನ ಚೀಟಿಯಲ್ಲಿ ರಬ್ಬಿ, ಡಾಕ್ಟರ್ ಎಂಬ ಬಿರುದು ಬರೆಯುವುದಿಲ್ಲ. ಒಂದೆರಡು ದಿನದಲ್ಲಿ ಹತ್ತಾರು ಉಪನ್ಯಾಸ. ಆಧಾರವಿಲ್ಲದೆ ಹೋದರೆ ತಲೆ ತಿರುಗುತ್ತದೆ, ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಮಕ್ಕಳಿದ್ದರೆ ಜೆಸಿಸಿ

ಯಹೂದಿ ಸಮುದಾಯ ಕೇಂದ್ರವನ್ನು ಇಲ್ಲಿ ಎಲ್ಲರೂ ಕರೆಯುವುದು ಜೆಸಿಸಿ ಎಂದೇ. ಈಜುಕೊಳ, ಜಿಮ್, ಶಿಶುವಿಹಾರ, ಬೇಸಗೆ ಶಿಬಿರ, ಸಿನಿಮಾ ಉತ್ಸವ ಎಲ್ಲವೂ ಒಂದೇ ಸೂರಿನಡಿ, ಎಲ್ಲ ಧರ್ಮದವರಿಗೂ. ನ್ಯೂಯಾರ್ಕಿನ 92ನೆಯ ಬೀದಿಯ ಕೇಂದ್ರ 1874ರಷ್ಟು ಹಳೆಯದು.

ಎಡಿಸನ್ನಿನ ತಾಯಿಗೆ ಹೇಳಬೇಕಾದ್ದು ಹೀಗೆ. ಶುಲ್ಕ ಖಾಸಗಿ ಶಿಶುವಿಹಾರಗಳಷ್ಟೇ, ಅಗ್ಗವೆಂದು ಹೋಗಬೇಡಿ. ಹಲವು ಕೇಂದ್ರಗಳಲ್ಲಿ ಮನೆಯಿಂದ ಮಾಂಸದ ಊಟ ಕಳಿಸುವಂತಿಲ್ಲ, ನಿಮ್ಮ ಮೊಸರನ್ನದ ಡಬ್ಬಿಗೆ ಅಲ್ಲಿ ರಾಜಮರ್ಯಾದೆ. ಶುಕ್ರವಾರ ಮಗು ಪುಟ್ಟ ಖಲ್ಲಾ ಮತ್ತು “ಶಬ್ಬಾತ್ ಶಲೋಮ್” ಹಾಡಿನೊಂದಿಗೆ ಮನೆಗೆ ಬರುತ್ತದೆ. ಇದನ್ನು ಅಜ್ಜ ಅಜ್ಜಿಗೆ ಮೊದಲೇ ಹೇಳಿಡಿ. ಬಿಸಿ ತಟ್ಟುವುದು ರಜೆಯಲ್ಲಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಬ್ಬಗಳ ಸಾಲಿಗೆ ಶಾಲೆ ಮುಚ್ಚುತ್ತದೆ, ನಿಮ್ಮ ಕಚೇರಿ ಮುಚ್ಚುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಸೇರಿಸುವ ಮುಂಚೆ ವರ್ಷದ ರಜೆ ಪಟ್ಟಿ ತರಿಸಿ, ಗೋಡೆಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಆ ದಿನಗಳಿಗೆ ಉಪಾಯ ಹೊಳೆದರೆ ಸೇರಿಸಿ. ಮಗು ಅಲ್ಲಿ ಕೆಡುವುದಂತೂ ಇಲ್ಲ.

ಮೊಮ್ಮಗು ಯಹೂದಿ ಮನೆಯಲ್ಲಿ ಬೆಳೆಯುತ್ತಿದ್ದರೆ ಪಿಜೆ ಲೈಬ್ರರಿ ಎಂಬ ಯೋಜನೆ ಪ್ರತಿ ತಿಂಗಳೂ ಉಚಿತ ಕತೆಪುಸ್ತಕ ಕಳಿಸುತ್ತದೆ, 2005ರಿಂದ ನಡೆದುಬಂದಿದೆ. ಓದಿ ಹೇಳುವ ಅಜ್ಜಿಗೆ ಅದೇ ಪಠ್ಯಪುಸ್ತಕ.

ಊರಲ್ಲೇ ಇರುವವರಿಗೆ

ಬೆಂಗಳೂರಿನಲ್ಲಿ ಯಹೂದಿಗಳ ಹಳೆಯ ಸ್ಮಶಾನವಿದೆ, ಹಳೆಯ ಸಿನಗಾಗ್ ಇಲ್ಲ. ಎಂಜಿನಿಯರ್ ಅವರೇ, ನಿಮಗೆ ಮೂರು ದಾರಿ. ಮನೆಯಲ್ಲಿ ಕೂತು ಓದುವುದಾದರೆ ಸೆಫಾರಿಯಾ ಎಂಬ ಉಚಿತ ಜಾಲತಾಣದಲ್ಲಿ ಯಹೂದಿ ಗ್ರಂಥಗಳ ಹೀಬ್ರೂ ಮೂಲ ಮತ್ತು ಇಂಗ್ಲಿಷ್ ಅನುವಾದ ಅಕ್ಕಪಕ್ಕ ಇವೆ. ಉತ್ಸಾಹದಲ್ಲಿ ‘ದಫ್ ಯೋಮಿ’ಗೆ ಮಾತ್ರ ಕೈ ಹಾಕಬೇಡಿ. ದಿನಕ್ಕೆ ಒಂದು ಹಾಳೆಯಂತೆ ತಾಲ್ಮುದ್ ಎಂಬ ಧರ್ಮಶಾಸ್ತ್ರ ಚರ್ಚೆಯ ಮಹಾಗ್ರಂಥದ 2,711 ಹಾಳೆ ಮುಗಿಸಲು ಏಳೂವರೆ ವರ್ಷ ಬೇಕು, ಈಗಿನ ಸುತ್ತು 2020ರ ಜನವರಿಯಲ್ಲೇ ಶುರುವಾಗಿದೆ. ನಡುವೆ ಹತ್ತಿದರೆ ಏನೂ ತಿಳಿಯುವುದಿಲ್ಲ.

ಕಣ್ಣಿಗೆ ಬೇಕೆನ್ನುವವರಿಗೆ ಕೊಚ್ಚಿ. ಮಟ್ಟಾಂಚೇರಿಯ ಪರದೇಸಿ ಸಿನಗಾಗ್ 1568ರದ್ದು, ನೆಲಕ್ಕೆ ಕೈಯಲ್ಲಿ ಬಣ್ಣ ಬರೆದ ಚೀನೀ ಹಂಚು, ನಮ್ಮ ಗುಡಿಗಳಂತೆ ಬರಿಗಾಲಲ್ಲಿ ಒಳಗೆ ಹೋಗಬೇಕು. ಪರವೂರು ಮತ್ತು ಚೇಂದಮಂಗಲದ ಸಿನಗಾಗ್‌ಗಳು ಈಗ ವಸ್ತುಸಂಗ್ರಹಾಲಯ. ನೋಡಲು ಕೊಚ್ಚಿಯಷ್ಟು ಚೆಂದ ಬೇರೆಲ್ಲೂ ಇಲ್ಲ, ಆದರೆ ಪ್ರಾರ್ಥನೆಗೆ ಬೇಕಾದ ಹತ್ತು ಜನ ಸೇರುವುದೇ ಕಷ್ಟವಾಗಿರುವ ಜಾಗ ಅದು. ನೀವು ನೋಡುವುದು ಕಟ್ಟಡವನ್ನು.

ಬದುಕನ್ನು ನೋಡಬೇಕಾದರೆ ಮುಂಬಯಿ. ಅಲ್ಲಿನ ಬೆನೆ ಇಸ್ರೇಲ್ ಜನ ಕೊಂಕಣ ಕರಾವಳಿಯವರು, ಮರಾಠಿ ಆಡುವವರು. ಮಾಂಡ್ವಿಯ ಹಳೆಯ ಸಿನಗಾಗ್ ಕಟ್ಟಿದ್ದು 1796ರಲ್ಲಿ, ಕಟ್ಟಿಸಿದವರು ಕಂಪನಿ ಸೈನ್ಯದ ಸ್ಯಾಮ್ಯುಯೆಲ್ ದಿವೇಕರ್. ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದಾಗ, ಬಿಡುಗಡೆಯಾದರೆ ಸಿನಗಾಗ್ ಕಟ್ಟಿಸುತ್ತೇನೆಂದು ಹರಕೆ ಹೊತ್ತರು ಎಂಬ ಕತೆ ಆ ಸಮುದಾಯದಲ್ಲಿದೆ. ಮೈಸೂರಿನ ಬೀಗರಿಗೆ ಇದಕ್ಕಿಂತ ಹತ್ತಿರದ ನಂಟು ಸಿಗಲಾರದು. ಬೆನೆ ಇಸ್ರೇಲ್ ಮನೆಯ ಶುಭಕಾರ್ಯಕ್ಕೆ ಕರೆ ಬಂದರೆ ಉಳಿದದ್ದನ್ನೆಲ್ಲ ಬಿಟ್ಟು ಹೋಗಿ. ಎಲಿಯಾ ಪ್ರವಾದಿಯ ಹೆಸರಿನಲ್ಲಿ ‘ಮಲಿದಾ’ ಹಂಚುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಿಹಿ, ಏಲಕ್ಕಿ, ಮೇಲೆ ಹಣ್ಣು. ಪ್ರವಾಸಿಗೆ ಇದು ಟಿಕೆಟ್ಟಿಗೆ ಸಿಗುವಂಥದ್ದಲ್ಲ, ಪರಿಚಯ ಬೇಕು. ಅದಕ್ಕೇ ಮುಂಬಯಿಯನ್ನು ಒಂದು ದಿನದಲ್ಲಿ ಮುಗಿಸಲು ಹೋಗಬೇಡಿ.

ಹೊರಡುವ ಮುಂಚೆ ಒಂದು ಪತ್ರ

ಯಾವುದನ್ನು ಆರಿಸಿದರೂ ಹೇಳದೆ ಹೋಗುವ ಕಾಲ ಈಗಿಲ್ಲ. 2018ರ ಅಕ್ಟೋಬರ್ 27ರ ಶನಿವಾರ ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಸಿನಗಾಗಿನಲ್ಲಿ ಪ್ರಾರ್ಥನೆಗೆ ಬಂದ 11 ಮಂದಿಯನ್ನು ಗುಂಡಿಕ್ಕಿ ಕೊಂದ ಮೇಲೆ ಹಲವೆಡೆ ಬಾಗಿಲಿಗೆ ಕಾವಲು ಬಂದಿದೆ. ಮುಂಬಯಿಯಲ್ಲೂ ಗುರುತಿನ ಚೀಟಿ ಕೇಳುತ್ತಾರೆ. ಚೀಲ ತೆರೆದು ತೋರಿಸಬೇಕಾಗಬಹುದು, ಅವಮಾನವೆಂದುಕೊಳ್ಳಬೇಡಿ. ನಾಲ್ಕೈದು ದಿನ ಮುಂಚೆ ಕಚೇರಿಗೆ ಒಂದು ಇಮೇಲ್ ಬರೆಯಿರಿ. ನಾವು ಭಾರತದವರು, ಯಹೂದಿಗಳಲ್ಲ, ನಮ್ಮ ಮಗ ನಿಮ್ಮ ಸಮುದಾಯದ ಹುಡುಗಿಯನ್ನು ಮದುವೆಯಾಗುತ್ತಿದ್ದಾನೆ, ಈ ಶುಕ್ರವಾರ ಬರಬಹುದೇ, ನಾವು ಮೊಟ್ಟೆ ತಿನ್ನುವುದಿಲ್ಲ. ಇಷ್ಟು ಸಾಕು. ಮೈಸೂರಿನವರು ಹೀಗೇ ಬರೆದರಂತೆ. ಮರುದಿನವೇ ಉತ್ತರ ಬಂತು: ಬನ್ನಿ, ಎರಡನೆಯ ಸಾಲಿನಲ್ಲಿ ನಿಮ್ಮ ಪಕ್ಕ ಒಬ್ಬರನ್ನು ಕೂರಿಸುತ್ತೇವೆ, ಪುಟ ತಿರುಗಿಸಿ ತೋರಿಸುತ್ತಾರೆ, ಮೊಟ್ಟೆಯಿಲ್ಲದ ಖಲ್ಲಾ ಒಂದನ್ನು ಬೇರೆ ಇಟ್ಟಿರುತ್ತೇವೆ.